ನಾಯಿ ಸದ್ದಿಗೆ ಯಜಮಾನರ ಹೆಸರು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಮುಂದೆ ಎಲ್ಲಾದರೂ ಅದನ್ನು ಬೇರೆಯವರ ತಲೆಗೆ ಕಟ್ಟಲು ನೋಡಿದರೆ ನೀವು ನಂಬಬೇಡಿ. ನಾಯಿ ಬೊಗಳುವ ಸದ್ದಿಗೆ ‘ಯಜಮಾನ್ರು’ ಎಂದು ಹೆಸರಿಟ್ಟವನು ನಾನು. ಕುಕ್ಕರಿನ ಸೀಟಿಗೆ ‘ಅಕ್ಕ’. ಪಾತ್ರೆ ಬೀಳುವ ಸದ್ದಿಗೆ ‘ಚಾಚಾ’. ಎಮ್ಮೆ ಕೂಗಿಗೆ ‘ಭಾಮೈದ’. ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕ್ಯಾಸೆಟ್ಟುಗಳಿಗೆ ಅಂಟಿಸಿದ್ದೆ. ಆ ಹೆಸರುಗಳಿಂದಲೇ ಒಂದಿಡೀ ಗಣಪತಿ ಸೀಸನ್ನು ಕಪ್ಪು ಬಟ್ಟೆಯ ಹಿಂದೆ ಕಟ್ಟಿಹಾಕಿದ ಕರುವಿನಂತೆ ಕೂತೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚನ್ನಗಿರಿಯ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿ ಮಾಡುವವನು. ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಯಜಮಾನರೇ ನಮ್ಮ ಮಾಲೀಕರು, ಮ್ಯಾನೇಜರು, ನಿರೂಪಕರು, ಕಾಮಿಡಿ ಪ್ರಹಸನದಲ್ಲಿ ಹೆಣ್ಣಿನ ತಂದೆ. ಒಬ್ಬರು ಹಾಡುವ ಅಕ್ಕ. ಒಬ್ಬರು ಢೋಲಕ್ ಬಾರಿಸುವ ಚಾಚಾ. ಇನ್ನೊಬ್ಬ ಯಜಮಾನರ ಭಾಮೈದ. ಅವನಿಗೆ ಏನು ಬರುತ್ತದೆ ಎಂಬುದು ಯಾರಿಗೂ ಖಚಿತವಿಲ್ಲದ್ದರಿಂದ ಎಲ್ಲದಕ್ಕೂ ಅವನೇ. ಪ್ರಹಸನದ ಗಂಡು, ಹೆಣ್ಣು ಎಲ್ಲ ಬಾಡಿಗೆಗೆ ಬಂದ ಹುಡುಗರು.

ಆ ವರ್ಷ ಚಾಚಾನ ಅಳಿಯ ಸೌದಿಯಿಂದ ಒಂದು ಸ್ಯಾಂಪ್ಲರ್ ಕೀಬೋರ್ಡ್ ತಂದುಕೊಟ್ಟ. ನಾವೆಲ್ಲ ಅದನ್ನು ಪೆಟ್ಟಿಗೆ ಎಂದೇ ಕರೆದೆವು. ನೋಡಲು ಮಕ್ಕಳ ಆಟಿಕೆ. ಆದರೆ ಅದಕ್ಕೆ ಕಿವಿಯಿತ್ತು. ರೆಕಾರ್ಡ್ ಗುಂಡಿ ಒತ್ತಿ ಸುಮ್ಮನಿದ್ದರೆ ಅದೂ ಸುಮ್ಮನೆ ಕಾಯುತ್ತಿತ್ತು. ಮೊದಲ ಸದ್ದು ಕಿವಿಗೆ ಬಿದ್ದ ಕೂಡಲೇ, ಒಂದು ಕೆಮ್ಮಿನಷ್ಟು ಹೊತ್ತು, ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಆಮೇಲೆ ಕೀಗಳ ಮೇಲೆ ಬೆರಳಾಡಿಸಿದರೆ ನಾಯಿ ಸರಿಗಮ ಬೊಗಳುತ್ತಿತ್ತು. ಹಾಗೆ ಹಿಡಿದ ಸದ್ದುಗಳನ್ನು ಇಡಲು ಮೇಲ್ಗಡೆ ಸಾಲಾಗಿ ನಾಲ್ಕು ಗುಂಡಿ. ನಾಲ್ಕೇ. ಐದನೆಯದು ಬೇಕೆಂದರೆ ಇರುವ ಒಂದನ್ನು ಅಳಿಸಬೇಕು. ಕರೆಂಟೂ ಇಲ್ಲದೆ ಒಳಗಿನ ಬ್ಯಾಟರಿ ಶೆಲ್ಲೂ ತೆಗೆದರೆ ನಾಲ್ಕೂ ಮಾಯ.

ಹೀಗಾಗಿ ಮೂಲ ಸದ್ದುಗಳೆಲ್ಲ ಕ್ಯಾಸೆಟ್ಟಿನಲ್ಲಿರುತ್ತಿದ್ದವು. ಪ್ರತಿ ಐಟಮ್ಮಿಗೂ ಮುಂಚೆ, ಅಕ್ಕ ಹಾಡುತ್ತಿರುವಾಗಲೇ, ನಾನು ಟೇಪ್ ರೆಕಾರ್ಡರಿನಿಂದ ಪೆಟ್ಟಿಗೆಗೆ ವೈರು ಚುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೇಕಾದ ಸದ್ದು ಟೇಪಿನಲ್ಲಿ ಎಲ್ಲಿದೆ ಎಂದು ಹಿಂದೆ ಮುಂದೆ ಓಡಿಸಿ ಹುಡುಕಿ, ಒಂದೊಂದನ್ನೇ ನಾಲ್ಕು ಗುಂಡಿಗೆ ತುಂಬಬೇಕು. ಚನ್ನಗಿರಿಯ ಗಣಪತಿ ಪೆಂಡಾಲಿನಲ್ಲಿ ಮೊದಲ ಸಲ ನಾಯಿ ಕೈಯಲ್ಲಿ ವಾಲಗ ಊದಿಸಿದಾಗ ಜನ ಕುರ್ಚಿ ಹತ್ತಿ ನಿಂತು ಸಿಳ್ಳೆ ಹೊಡೆದರು. ಯಜಮಾನರು ಅಲ್ಲೇ ತೀರ್ಮಾನ ಮಾಡಿದರು.

“ಇನ್ಮ್ಯಾಲೆ ನಿನ್ನ ಬಾಯಿ ಬ್ಯಾಡ ಬಿಡು. ಪೆಟ್ಟಿಗೆ ಐತಲ್ಲ! ನೀನು ಅದರ ಹಿಂದೆ ಕೂತ್ಕ.”

ನನಗೋ ಹೆಮ್ಮೆ. ಕೆಲಸ ಹೋಯಿತು ಎನ್ನುವುದು ತಿಳಿಯಲು ಎರಡು ಮೂರು ಷೋ ಬೇಕಾಯಿತು. ನನ್ನ ಜಾಗ ಸ್ಟೇಜಿನ ಎಡಗಡೆ ಮೂಲೆ, ಕಪ್ಪು ಬಟ್ಟೆಯ ಹಿಂದೆ. ಒಂದು ಕಡೆ ಆಂಪ್ಲಿಫೈಯರಿನ ಬಿಸಿ, ಇನ್ನೊಂದು ಕಡೆ ಜನರೇಟರಿನ ಹೊಗೆ. ಬಟ್ಟೆಯಲ್ಲಿ ಸಿಗರೇಟು ಸುಟ್ಟ ತೂತು. ನನಗೆ ಕಾಣುತ್ತಿದ್ದ ಜಗತ್ತು ಅಷ್ಟೇ. ಅದರಲ್ಲಿ ಭಾಮೈದನ ಬೆನ್ನು.

ಈಗ ಹೆಸರುಗಳ ವಿಷಯ. ಸದ್ದು ಜಾಸ್ತಿಯಾದಂತೆ ನೆನಪಿಡುವುದು ಕಷ್ಟವಾಯಿತು. ನಾನು ಓದಿನಲ್ಲಿ ಏನನ್ನೂ ನೆನಪಿಟ್ಟವನಲ್ಲ. ಆದರೆ ಯಾರು ನನಗೆ ಏನಂದರು ಎನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಅದನ್ನೇ ಬಳಸಿಕೊಂಡೆ. ಆ ವಾರ ಯಾರ ಮೇಲೆ ಸಿಟ್ಟೋ ಅವರು ನಾಯಿ. ಯಾರು ಊಟದಲ್ಲಿ ಎರಡನೇ ಸಲ ಪಲ್ಯ ಹಾಕಿಸಿಕೊಂಡರೋ ಅವರು ಎಮ್ಮೆ. ಕ್ಯಾಸೆಟ್ಟು ನೋಡಿದರೆ ಸಾಕು, ನನಗೆ ನಗು ಬಂದು ಸದ್ದು ನೆನಪಾಗುತ್ತಿತ್ತು. ಇನ್ನೊಬ್ಬರಿಗೆ ತಲೆಬುಡ ತಿಳಿಯದು. ಇದೂ ನನಗೆ ಒಳಗೊಳಗೇ ಖುಷಿ: ನಾನಿಲ್ಲದೆ ಪೆಟ್ಟಿಗೆ ಉಸಿರೆತ್ತುವುದಿಲ್ಲ!

ಆಗ ಜಗಳೂರಿನ ಕಾರ್ಯಕ್ರಮ ಒಪ್ಪಿಕೊಂಡರು. ಜಗಳೂರು ನನ್ನ ಊರು. ಮಗ ಸ್ಟೇಜಿನ ಮೇಲೆ ಕುಣಿಯುತ್ತಾನೆ, ಸಾಹುಕಾರರಂಗೆ ಮಾತಾಡುತ್ತಾನೆ ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡಿದ್ದಳು. ಹಿಂದಿನ ತಿಂಗಳು ಬಿಳಿಚೋಡಿನಲ್ಲಿ ನಮ್ಮ ಷೋ ನೋಡಿದ್ದ ಪಕ್ಕದ ಮನೆ ದೊಡ್ಡಮ್ಮ ವಾಪಸು ಹೋಗಿ, “ನಿನ್ ಮಗನ್ನ ಬಿಟ್ಟು ಎಲ್ಲಾರ್ನೂ ನೋಡ್ದೆ ಕಣವ್ವ. ಅವ್ನು ಅಲ್ಲಿ ಲೈಟ್ ಕಂಬ ಹಿಡ್ಕಂಡಿರ್ತಾನಾ?” ಎಂದಿದ್ದಳಂತೆ. ಅವ್ವ ನನಗೆ ಅದನ್ನು ಹೇಳಿ, “ಈ ಸಲ ಬೀದಿಯೋರ್ನೆಲ್ಲ ಕರ್ಕಂಡ್ ಬರ್ತೀನಿ. ಮುಂದೆ ಬಂದು ನಿಂತ್ಕ” ಎಂದಳು. ಕೇಳಿದ್ದು ಅಷ್ಟೇ. ಅದನ್ನು ಕೊಡಲು ನನ್ನ ಕೈಯಲ್ಲಿ ಆಗುವಂತಿರಲಿಲ್ಲ.

ಹೆಣ್ಣು ನೋಡುವ ಪ್ರಹಸನದಲ್ಲಿ ಗಂಡಿನ ಸೋದರಮಾವನ ಪಾರ್ಟು ಇತ್ತು. ಊರಿನ ಹಿರಿಯರೆಲ್ಲರ ದನಿ ತೆಗೆದು ಮಾತಾಡುವ ಪಾತ್ರ. ನನಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮಾಡುತ್ತಿದ್ದವನು ಭಾಮೈದ, ಎಲ್ಲ ಹಿರಿಯರಿಗೂ ಒಂದೇ ದನಿಯಲ್ಲಿ. ಯಜಮಾನರ ಹತ್ತಿರ ಹೋಗಿ ಕೇಳಿದೆ. ಅವರು ವೈರು ಸುತ್ತುತ್ತಾ ತಲೆ ಎತ್ತಲಿಲ್ಲ.

“ಮಾಡು, ಯಾರ್ ಬ್ಯಾಡಂದ್ರು? ಆದ್ರೆ ನಾಯಿ ಬೊಗಳ್ಸೋರ್ಯಾರು?”

“ಯಾರಿಗಾದ್ರೂ ಕಲಿಸ್ತೀನಿ ಯಜಮಾನ್ರೇ.”

“ಕಲ್ಸು. ಅವ್ರು ಒಂದು ಷೋ ತಪ್ಪಿಲ್ದೆ ಮಾಡ್ಲಿ. ಜಗಳೂರ್ನಾಗೆ ಸೋದರಮಾವ ನೀನೇ.”

ಭಾಮೈದನ ಕೈಗೆ ಪೆಟ್ಟಿಗೆ ಕೊಡುವಂತಿಲ್ಲ. ಪ್ರಹಸನದ ಹೊತ್ತಿಗೆ ಮಿಕ್ಕವರಲ್ಲಿ ಕೈ ಖಾಲಿ ಇರುವವರು ಒಬ್ಬರೇ: ಹಾಡುವ ಅಕ್ಕ. ನ್ಯಾಮತಿಯಲ್ಲಿ ಷೋಗೆ ಮುಂಚೆ ಮಧ್ಯಾಹ್ನ ಶಾಲೆಯ ಕೊಠಡಿಯಲ್ಲಿ ಪೆಟ್ಟಿಗೆ ಬಿಚ್ಚಿ ಕೂತೆ. ಅಕ್ಕ ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು, ಶ್ರದ್ಧೆಯಿಂದ ಬಂದಳು. ನಾನು ಕ್ಯಾಸೆಟ್ಟುಗಳನ್ನು ಹರಡಿದೆ. ಅವಳು ಒಂದನ್ನು ಎತ್ತಿ ಓದಿದಳು.

“ಇದೇನಿದು, ‘ಅಕ್ಕ’? ನನ್ ಹಾಡು ತುಂಬ್ಕಂಡೀಯಾ?”

“ಊಂ... ಒಂಥರಾ ಅಂಗೇ.”

ಅವಳು ಟೇಪಿಗೆ ಹಾಕಿ ಒತ್ತಿಯೇಬಿಟ್ಟಳು. ಕುಕ್ಕರು ಕೊಠಡಿ ಕಿತ್ತುಹೋಗುವ ಹಾಗೆ ಸೀಟಿ ಹೊಡೆಯಿತು.

ಅಕ್ಕ ಅದನ್ನು ಕಿತ್ತು ಕೆಳಗಿಟ್ಟಳು. ಪಕ್ಕದ ‘ಯಜಮಾನ್ರು’ ಹಾಕಿದಳು, ಬೌ ಬೌ. ಅದನ್ನು ಕೇಳಿ ಅವಳ ತುಟಿ ಸ್ವಲ್ಪ ಅಲ್ಲಾಡಿತು, ನಾನು ನೋಡಿದ್ದೇನೆ. ಆದರೆ ಎದ್ದು ನಿಂತು, “ನೀನು ಕಲ್ಸಾಕೆ ಕರೆದ್ಯೋ ಬೈಯಾಕೆ ಕರೆದ್ಯೋ?” ಎಂದು ಹೊರಗೆ ಹೋದಳು. ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದ ಚಾಚಾ ಒಳಗೆ ಇಣುಕಿ, “ಬೇಟಾ, ನಂದೂ ಏನಾದ್ರೂ ಐತಾ?” ಎಂದರು. ಪಾತ್ರೆ ಬೀಳುವುದನ್ನು ಕೇಳಿಸಿದೆ. ಅವರು ತಲೆ ಓರೆ ಮಾಡಿ ಕೇಳಿ, “ತಾಳ ಸರಿ ಐತೆ” ಎಂದು ಹೊರಟುಹೋದರು.

ಆ ಸಂಜೆ ಇನ್ನೊಂದು ಪಾಠವಾಯಿತು. ಹಿಂದಿನ ವಾರದವರೆಗೆ ನಾಯಿ ಚಾಚಾ, ಪಾತ್ರೆ ಯಜಮಾನ್ರು. ಪಾತ್ರೆಯ ಒಂದು ಹಳೇ ಕ್ಯಾಸೆಟ್ಟಿನ ಪ್ಲಾಸ್ಟರ್ ಬದಲಾಯಿಸಲು ಮರೆತಿದ್ದೆ; ಅವಸರದಲ್ಲಿ, ಕೇಳಿಯೂ ನೋಡದೆ, ಅದನ್ನೇ ನಾಯಿಯೆಂದು ತುಂಬಿದ್ದೆ. ಗಂಡಿನ ಕಡೆಯವರು ಗೇಟು ತೆಗೆದು ಒಳಗೆ ಬಂದು, ನಾಯಿಗೆ ಹೆದರಿ ಕುರ್ಚಿ ಹತ್ತಬೇಕು. ಗುಂಡಿ ಒತ್ತಿದೆ. ಪಾತ್ರೆ ಬಿತ್ತು. ಅವರೆಲ್ಲ ಪಾತ್ರೆಗೆ ಹೆದರಿ ಕುರ್ಚಿ ಹತ್ತಿದರು. ತೂತಿನಲ್ಲಿ ಕಣ್ಣಿಟ್ಟು ಕೂತಿದ್ದ ನನಗೆ ಸ್ಪಷ್ಟವಾಯಿತು: ಯಾವ ವಾರ ಯಾರ ಜೊತೆ ಜಗಳವಾಡಿದ್ದೆ ಎಂದು ನೆನಪಿದ್ದರೆ ಮಾತ್ರ ಈ ಪೆಟ್ಟಿಗೆ ನಡೆಯುತ್ತದೆ. ಇದನ್ನು ಕಲಿಯಲು ಬೇರೆಯವರು ನಾನಾಗಿ ಹುಟ್ಟಬೇಕು.

ಮರುದಿನ ಹೊನ್ನಾಳಿಯ ಛತ್ರದಲ್ಲಿ ಕೂತು ಪ್ಲಾಸ್ಟರ್ ಎಲ್ಲ ಕಿತ್ತೆ. ಉದ್ದ ಟೇಪಿನಲ್ಲಿ ಹುಡುಕುವ ಕಾಟ ತಪ್ಪಲೆಂದು ಒಂದು ಐಟಮ್ಮಿಗೆ ಒಂದೇ ಕ್ಯಾಸೆಟ್ಟು ಎಂದು ಮಾಡಿದೆ. ಸ್ಕ್ರೂ ಬಿಚ್ಚಿ, ನಾಲ್ಕು ಸದ್ದು ಹಿಡಿಯುವಷ್ಟೇ ಟೇಪು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಿ, ತುದಿಯನ್ನು ಮತ್ತೆ ಚಕ್ರಕ್ಕೆ ಸಿಕ್ಕಿಸಿ, ಮುಚ್ಚಿದೆ. ಹಿಂದಕ್ಕೆ ಸುತ್ತಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಶುರುವಿಗೆ ಬಂದು ನಿಲ್ಲುತ್ತಿತ್ತು. ಮತ್ತೆ, ಏನೆಂದು ತಿಳಿಯಲಿ ಅಂತ ಪ್ರತಿ ಸದ್ದಿನ ಮುಂಚೆ ಬಾಯಲ್ಲಿ ಹೇಳಿ ತುಂಬಿದೆ: ‘ಇದು ನಾಯಿ’, ‘ಇದು ಎಮ್ಮೆ’. ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಎಲ್ಲಿ ಕೇಳುತ್ತದೆ? ಎಲ್ಲವನ್ನೂ ಯಜಮಾನರ ದನಿಯಲ್ಲಿ ಹೇಳಿದೆ, ಅವರ ಗಂಟಲಿನ ಕಫದ ಸಮೇತ.

ಅಕ್ಕನ ಮುಂದೆ ಹೋಗಿ ಕಿವಿ ಹಿಡಿದು ನಿಂತೆ. ಅವ್ವನ ವಿಷಯ ಹೇಳಿದೆ. ಲೈಟ್ ಕಂಬದ ಮಾತು ಬಂದಾಗ ಅವಳು ನಕ್ಕಳು.

“ನಿಮ್ಮವ್ವನಿಗೋಸ್ಕರ ಬರ್ತೀನಿ. ನಿನಗಲ್ಲ, ತಿಳ್ಕ.”

ಆ ಸಂಜೆ ಹೊನ್ನಾಳಿ ಷೋದಲ್ಲಿ ಅಕ್ಕನೇ ಸದ್ದು ತುಂಬಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ಹೆಡ್‌ಫೋನು ನನ್ನ ಕಿವಿಗಿತ್ತು. ಆದರೆ ನನ್ನ ಗಮನವೆಲ್ಲ ಭಾಮೈದನ ಪಾತ್ರದ ಮೇಲೆ. ಸ್ಟೇಜಿನ ಮೇಲೆ ಯಜಮಾನರು ಹೆಣ್ಣಿನ ತಂದೆಯಾಗಿ ಗೇಟಿನ ಕಡೆ ಕೈ ತೋರಿಸಿ, “ಹೆದರ್ಬ್ಯಾಡಿ ಬೀಗರೇ, ನಮ್ಮ ನಾಯಿ ಏನೂ ಮಾಡಲ್ಲ” ಎಂದರು. ಅಕ್ಕ ಗುಂಡಿ ಒತ್ತಿದಳು.

ಸ್ಪೀಕರಿನಿಂದ, ಯಜಮಾನರದೇ ದನಿಯಲ್ಲಿ: “ಇದು ನಾಯಿ!”

ಮೊದಲ ಸದ್ದನ್ನೇ ಹಿಡಿಯುವ ಪೆಟ್ಟಿಗೆ ಅದು. ಮೊದಲ ಸದ್ದು ನನ್ನ ಮಾತಾಗಿತ್ತು. ನಾಯಿಯ ಸರದಿ ಬರುವ ಹೊತ್ತಿಗೆ ಅದರ ಕಿವಿ ಮುಚ್ಚಿತ್ತು. ಅಷ್ಟು ದಿನ ಅದನ್ನು ಬಳಸಿದವನಿಗೆ ಇಷ್ಟು ಹೊಳೆಯಲಿಲ್ಲ! ಅಕ್ಕ ಗಾಬರಿಯಾಗಿ ಪಕ್ಕದ ಗುಂಡಿ ಒತ್ತಿದಳು: “ಇದು ಎಮ್ಮೆ!” ಆಗ ಎದುರಿಗೆ ನಿಂತಿದ್ದವನು ಭಾಮೈದ. ಜನ ಬಿದ್ದು ಬಿದ್ದು ನಕ್ಕರು. ಆ ಷೋದಲ್ಲಿ ಅದಕ್ಕೆ ಬಿದ್ದಷ್ಟು ಚಪ್ಪಾಳೆ ಮತ್ತಾವುದಕ್ಕೂ ಬೀಳಲಿಲ್ಲ. ಯಜಮಾನರಿಗೆ ಮಾತ್ರ ಅದು ಕೇಳಲಿಲ್ಲ.

ಪರದೆ ಬಿದ್ದ ಮೇಲೆ ಅವರು ಬಂದು ನನ್ನೆದುರು ನಿಂತರು. ಕೂಗಾಡಲಿಲ್ಲ, ಅದೇ ಹೆದರಿಕೆ.

“ಅಕ್ಕನ ತಪ್ಪಲ್ಲ ಯಜಮಾನ್ರೇ, ಅದು ನಾನು...”

“ಗೊತ್ತೈತೆ. ನನ್ ದನಿ ನನಗೆ ಗೊತ್ತಾಗಲ್ವೇನಲೇ? ಪೆಟ್ಟಿಗೆ ನಿಂದು. ಜಗಳೂರ್ನಾಗೂ ನಿಂದೇ. ನಾನು ಹೇಳೋಗಂಟ ಅಲ್ಲಿಂದ ಏಳಬ್ಯಾಡ.”

ಜಗಳೂರಿಗೆ ಹೊರಟ ದಿನ ಮೆಟಾಡೋರ್ ವ್ಯಾನಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು, ಸ್ಪೀಕರು ಕಾಲಿನ ಮೇಲೆ, ಢೋಲಕ್ ಹೆಗಲಿಗೆ ಒರಗಿತ್ತು. ಅಲ್ಲಾಡಲು ಜಾಗವಿರಲಿಲ್ಲ. ಹೊನ್ನಾಳಿ ಸೇತುವೆ ದಾಟುವಾಗ ಪೆಟ್ಟಿಗೆಯನ್ನು ಹೊಳೆಗೆ ಬಿಸಾಕುವ ಯೋಚನೆ ಬಂತು. ಕಿಟಕಿ ತೆಗೆಯಲು ಕೈ ಎತ್ತಲೂ ಆಗಲಿಲ್ಲ. ಅವ್ವನಿಗೆ ಏನು ಹೇಳಲಿ? ಹುಷಾರಿಲ್ಲ ಅನ್ನಲೇ? ಅವಳೇ ಬಂದು ಬಟ್ಟೆ ಸರಿಸಿ ನೋಡಿದರೆ?

ನನ್ನ ಮುಂದಿನ ಸೀಟಿನಿಂದ ಅಕ್ಕ ತಿರುಗಿದಳು. “ಯಾಕ್ ಹಂಗ್ ಮಕ ಮಾಡ್ಕಂಡೀಯಾ? ಆ ಕ್ಯಾಸೆಟ್ ಮತ್ತೆ ಮಾಡು. ಹೆಸರು ಸದ್ದಿನ ಹಿಂದೆ ಬರ್ಲಿ, ಮುಂದೆ ಬ್ಯಾಡ. ನಿನ್ ದನೀಲಿ ಹೇಳು.”

“ನಾಯಿ,” ಎಂದೆ.

“ಅದು ಭಾಮೈದಂದು.”

“ನಾಯಿ.”

“ಅದು ರೇಡಿಯೋ ವಾರ್ತೆಯೋರ್ದು.”

“ಇದೇ ಅಕ್ಕಾ ನನ್ ದನಿ!”

“ಅದು ನಂದು ಕಣೋ.”

ಚಾಚಾ ನಕ್ಕರು. ನಾನು ನಗಲಿಲ್ಲ. ಮತ್ತೆರಡು ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ಯಾರೋ ಬಂದು ನನ್ನ ಬಾಯಲ್ಲಿ ಕೂತರು. ಆ ದಿನ ಆದ ಒಂಥರಾ ಭಯವನ್ನು ಈಗಲೂ ತಮಾಷೆ ಮಾಡಲು ನನಗೆ ಬರುವುದಿಲ್ಲ.

“ಹೇಳಾದೇ ಬ್ಯಾಡ ಬಿಡು,” ಎಂದಳು ಅಕ್ಕ. “ನೆನಪಿಡಬೇಕಾದೋಳು ನಾನು. ನಾನೇ ಜಾಗ ಮಾಡ್ಕಂತೀನಿ. ಈ ಹೆಣ್ಣಿನ ಮನ್ಯಾಗೆ ನಾಯಿ ಎಲ್ಲಿರ್ತೈತೆ?”

“ಬಾಗ್ಲಾಗೆ.”

“ಪಾತ್ರೆ?”

“ಹುಡುಗಿ ಕಾಫಿ ತರುವಾಗ ನಡುಮನ್ಯಾಗೆ ಬೀಳಿಸ್ತಾಳೆ.”

“ಕುಕ್ಕರು ಅಡಿಗಿಮನೆ. ಎಮ್ಮೆ ಹಿತ್ಲು. ಅಷ್ಟೇ ಅಲ್ವಾ? ಎಡಗಡೆ ಗುಂಡಿ ಬಾಗ್ಲು. ಅಲ್ಲಿಂದ ಒಂದೊಂದೇ ಒಳಗೆ ಹೋಗಾದು.”

ಹಾಗೆಯೇ ಮಿಕ್ಕ ಐಟಮ್ಮುಗಳನ್ನೂ ಅವಳು ಒಂದೇ ಮನೆಯೊಳಗೆ ಕೂರಿಸುತ್ತಾ ಹೋದಳು. ಗಂಟೆ? ದೇವರ ಮೂಲೆ ಇರುವುದು ಅಡಿಗೆಮನೆಯಲ್ಲಿ, ಮೂರನೇ ಗುಂಡಿ. ರೈಲು? ಹಿತ್ತಲಾಚೆ, ನಾಲ್ಕನೆಯದು. ಮಗುವಿನ ಅಳು, ಗಡಿಯಾರದ ಗಂಟೆ ಎರಡೂ ನಡುಮನೆಗೆ ಬಂದವು. “ಗಡಿಯಾರ ಗ್ವಾಡೆ ಬಿಟ್ಟು ಬರಲ್ಲ. ಮಗೂನ ಬಾಗ್ಲಿಗೆ ಕರ್ಕಂಡು ಹೋಗಿ ಸಮಾಧಾನ ಮಾಡು” ಎಂದಳು. ಮಗು ಮೊದಲ ಗುಂಡಿಗೆ ಹೋಯಿತು.

ದಾವಣಗೆರೆಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಕ್ಯಾಸೆಟ್ಟುಗಳನ್ನು ಮತ್ತೆ ಮಾಡಿದೆ. ಮಾತಿಲ್ಲ; ಬರೀ ಸದ್ದು. ಬಾಗಿಲಿನಿಂದ ಹಿತ್ತಲಿನವರೆಗೆ ಅದೇ ಸಾಲಿನಲ್ಲಿ, ನಡುವೆ ಮುಂದಿನ ಗುಂಡಿ ಒತ್ತಿಕೊಳ್ಳುವಷ್ಟು ಮೌನ. ಕ್ಯಾಸೆಟ್ಟುಗಳನ್ನು ಕಾರ್ಯಕ್ರಮದ ಸಾಲಿನಲ್ಲೇ ಒಂದು ಚಪ್ಪಲಿ ಡಬ್ಬದಲ್ಲಿ ನಿಲ್ಲಿಸಿದೆ. ಬಳಸಿದ್ದನ್ನು ತಕ್ಷಣ ಹಿಂದಕ್ಕೆ ಸುತ್ತಿ ತಲೆಕೆಳಗಾಗಿ ಇಡಬೇಕು; ನೆಟ್ಟಗೆ ನಿಂತಿರುವುದರಲ್ಲಿ ಮೊದಲನೆಯದೇ ಮುಂದಿನದು. ಮೇಲೆ ಬರೆದದ್ದು ಐಟಮ್ಮಿನ ಹೆಸರು ಮಾತ್ರ. ಯಾರ ಹೆಸರೂ ಇಲ್ಲ. ನಿಜ ಹೇಳಬೇಕೆಂದರೆ ಡಬ್ಬ ನೋಡಿದರೆ ನನಗೆ ಸಪ್ಪೆ ಅನ್ನಿಸಿತು.

ಬಿಳಿಚೋಡಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಭಾಮೈದ ಕ್ರಿಕೆಟ್ ಕಾಮೆಂಟರಿ ಕೇಳಲು ಪೆಟ್ಟಿಗೆಯ ಶೆಲ್ ಬಿಚ್ಚಿ ತನ್ನ ಟ್ರಾನ್ಸಿಸ್ಟರಿಗೆ ಹಾಕಿಕೊಂಡಿದ್ದ. ತುಂಬಿದ್ದ ನಾಲ್ಕೂ ಹೋಗಿದ್ದವು. ನಾನು ಅವನ ದನಿಯಲ್ಲೇ ಅವನನ್ನು ಬೈಯಲು ಶುರು ಮಾಡಿದೆ. ಅಷ್ಟರಲ್ಲಿ ಅಕ್ಕ ಶೆಲ್ ಕಿತ್ತುಕೊಂಡು, ಓಡುವ ಗಾಡಿಯಲ್ಲಿ, ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಗೆ ಬಗ್ಗಿ, ನನ್ನನ್ನು ಒಂದು ಮಾತೂ ಕೇಳದೆ, ಬಾಗಿಲು, ನಡುಮನೆ, ಅಡಿಗೆಮನೆ, ಹಿತ್ತಲು ಎಂದು ಗೊಣಗುತ್ತಾ ನಾಲ್ಕನ್ನೂ ತುಂಬಿ ಮುಗಿಸಿದ್ದಳು. ನನ್ನ ಬೈಗುಳ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ.

ಆದರೆ ಯಜಮಾನರು ಮುಂದೆ, ಡ್ರೈವರ್ ಪಕ್ಕ ನಿದ್ದೆ ಹೋಗಿದ್ದರು. ಇದ್ಯಾವುದನ್ನೂ ನೋಡಲಿಲ್ಲ.

ಜಗಳೂರಿನ ಪೆಂಡಾಲಿನಲ್ಲಿ ಹೊತ್ತು ಮುಳುಗುವುದಕ್ಕೆ ಮುಂಚೆಯೇ ಜನ ಕೂತಿದ್ದರು. ತೂತಿನಲ್ಲಿ ನೋಡಿದೆ. ಮುಂದಿನ ಸಾಲಿನಲ್ಲಿ ಅವ್ವ, ಪಕ್ಕದಲ್ಲಿ ದೊಡ್ಡಮ್ಮ, ಅವರ ಹಿಂದೆ ನಮ್ಮ ಬೀದಿ ಬೀದಿಯೇ. ಅವ್ವ ಹೊಸ ಸೀರೆ ಉಟ್ಟು, ಸ್ಟೇಜಿನ ಬಲಗಡೆಯೇ ನೋಡುತ್ತಾ ಕೂತಿದ್ದಳು. ನಾನು ಎಡಗಡೆ ಬಟ್ಟೆ ಹಿಂದೆ ಇದ್ದೆ.

ಪ್ರಹಸನಕ್ಕೆ ಮುಂಚಿನ ಹಾಡು ಮುಗಿಯಿತು. ಭಾಮೈದ ಸೋದರಮಾವನ ಶಲ್ಯ ಹೊದ್ದು ತಯಾರಾಗಿ ನಿಂತಿದ್ದ. ಅಕ್ಕ ಹಾಡು ಮುಗಿಸಿದವಳೇ ನೇರ ಬಟ್ಟೆಯ ಹಿಂದೆ ಬಂದು, ಡಬ್ಬದಿಂದ ನೆಟ್ಟಗೆ ನಿಂತಿದ್ದ ಕ್ಯಾಸೆಟ್ಟು ತೆಗೆದು, ನಾಲ್ಕೂ ತುಂಬಿ, ನನ್ನನ್ನು ಮೊಣಕೈಯಲ್ಲಿ ತಳ್ಳಿ ನನ್ನ ಸ್ಟೂಲಿನ ಮೇಲೆ ಕೂತಳು. ಯಜಮಾನರು ಓಡಿ ಬಂದರು. ಹೊರಗೆ ಸಿಳ್ಳೆ ಶುರುವಾಗಿತ್ತು.

“ಏನವ್ವ ಇದು? ಏಳು. ಅವ್ನು ಕೂರ್ಲಿ.”

“ಅವ್ನು ಸೋದರಮಾವ. ಜನ ಕಾಯ್ತಾ ಅವ್ರೆ, ಕಳ್ಸ್ರಿ.”

“ಹೊನ್ನಾಳ್ಯಾಗೆ ಆಗಿದ್ದು ಸಾಲ್ದಾ? ನೀನು ಗಾಬ್ರಿ ಬಿದ್ದು ಎಮ್ಮೆ ಬದ್ಲು ಕುಕ್ಕರು ಒತ್ತಿದ್ರೆ? ಕುಕ್ಕರ್ ಬದ್ಲು ಎಮ್ಮೆ ಒತ್ತಿದ್ರೆ? ಮರ್ಯಾದೆ ಯಾರ್ದು ಹೋಗಾದು?”

ಅಕ್ಕ ಗುಂಡಿಗಳ ಮೇಲಿನಿಂದ ಕೈ ತೆಗೆಯಲಿಲ್ಲ. ತಿರುಗಿಯೂ ನೋಡಲಿಲ್ಲ. ಅವಳು ಹೇಳಿದ್ದು ಒಂದೇ ಮಾತು. ಅದನ್ನು ಕೇಳಿದ ಯಜಮಾನರು ಭಾಮೈದನ ಹೆಗಲಿನಿಂದ ಶಲ್ಯ ಎಳೆದು, ನನ್ನ ಹೆಗಲಿಗೆ ಎಸೆದು, ಬೆನ್ನಿಗೆ ಕೈ ಹಾಕಿ ಬೆಳಕಿಗೆ ತಳ್ಳಿದರು. ಅವಳ ಮಾತು ಇದು:

“ಯಜಮಾನ್ರೇ, ನಿಮ್ಮನ್ಯಾಗೆ ಎಮ್ಮೆನ ಒಲೆ ಮ್ಯಾಲಿಟ್ಟು, ಕುಕ್ಕರನ್ನ ಹಿತ್ಲಾಗೆ ಕಟ್ತಾರೇನ್ರೀ?”